ಮುಂದಿನ ಎಡಗಾಲಿನ ಸದ್ದು

ನಾನೊಂದು ಪುಟ್ಟ ಕಾರು. ಬಣ್ಣ ಬೂದಿ. ಕಾರ್ಖಾನೆಯ ಉದ್ದನೆಯ ಸಾಲಿನಲ್ಲಿ ತಗಡಿಗೆ ತಗಡು ಬೆಸೆದುಕೊಂಡು ಬೆಳೆದೆ. ಕೊನೆಗೆ ಚಕ್ರ ಕೂಡಿಸಿ ನೆಲಕ್ಕಿಳಿಸಿದಾಗಲೇ ನನ್ನ ಭಾರ ಎಷ್ಟೆಂದು ನನಗೆ ತಿಳಿದದ್ದು. ಆ ಭಾರವನ್ನೆಲ್ಲ ಹೊರುವ ನನ್ನ ಕಾಲುಗಳ ಬಗ್ಗೆ ಆಗ ನಾನು ಯೋಚಿಸಿಯೂ ಇರಲಿಲ್ಲ.

ನನ್ನನ್ನು ಕೊಂಡವನು ತುಮಕೂರಿನ ಷಡಕ್ಷರಿ. ಪೈಪು, ನಲ್ಲಿ ಮಾರುವ ಅಂಗಡಿಯವನು. ಮನೆಗೆ ಬಂದ ದಿನ ನನ್ನ ಹಣೆಗೆ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣಿಟ್ಟು, ಬೀದಿಯವರಿಗೆಲ್ಲ ಪೇಡ ಹಂಚಿದ. ಯಾರಾದರೂ ಬಾಗಿಲನ್ನು ಧಡಾರನೆ ಹಾಕಿದರೆ, "ಮೆಲ್ಲಗೆ ಕಣ್ರೀ, ಅದಕ್ಕೂ ನೋವಾಗುತ್ತೆ" ಎನ್ನುತ್ತಿದ್ದ. ಆ ಮಾತನ್ನು ನಾನು ನಂಬಿದೆ. ಅವನ ಮದುವೆಯ ಮೆರವಣಿಗೆಗೆ ಹೂ ಹೊತ್ತವಳು ನಾನೇ. ಅವನ ಅಪ್ಪನನ್ನು ಕೊನೆಯ ಸಲ ಆಸ್ಪತ್ರೆಗೆ ಒಯ್ದವಳೂ ನಾನೇ.

ವಯಸ್ಸಾಯಿತು. ಒಂದು ಮಳೆಗಾಲ ಕಳೆದ ಮೇಲೆ ಮುಂದಿನ ಎಡಗಾಲಿನಲ್ಲಿ ನೋವು ಶುರುವಾಯಿತು. ಹಳ್ಳಕ್ಕೆ ಇಳಿದರೆ ಕಟ್, ತಿರುವಿನಲ್ಲಿ ಕಟ್. ನನಗಿರುವ ಬಾಯಿ ಅದೊಂದೇ. ಷಡಕ್ಷರಿಗೆ ಅದು ಕೇಳಿಸಿತು. ಅವನು ನನ್ನನ್ನು ಗ್ಯಾರೇಜಿಗೆ ಕರೆದೊಯ್ದ.

ಅಲ್ಲಿಯ ಮೇಸ್ತ್ರಿ ನನ್ನ ಕೆಳಗೆ ನುಸುಳಿ ನೋಡಿ ಎದ್ದು ಬಂದ. "ಬಾಲ್ ಜಾಯಿಂಟ್ ಹೋಗಿದೆ ಸಾರ್. ಚಕ್ರ ಹಿಡ್ಕೊಂಡಿರೋ ಗುಂಡು ಇದು. ಬಟ್ಟಲು ಸವೆದು ಅಲ್ಲಾಡ್ತಿದೆ. ಯಾವಾಗ ಬೇಕಾದ್ರೂ ಕಳಚ್ಕೊಳ್ಳುತ್ತೆ. ಬದಲಾಯಿಸಿಬಿಡಿ."

ಷಡಕ್ಷರಿ ಸ್ವಲ್ಪ ಹೊತ್ತು ಮೊಬೈಲು ನೋಡುತ್ತ ನಿಂತ. "ಈ ಗಾಡಿ ನಾನು ಇಟ್ಕೊಳ್ಳಲ್ಲ. ಸದ್ದು ಒಂದು ನಿಲ್ಲೋ ಹಾಗೆ ಮಾಡು, ಸಾಕು."

"ಸದ್ದು ನಿಂತ್ರೆ ರಿಪೇರಿ ಆದಂಗಲ್ಲ ಸಾರ್."

"ಹೇಳಿದಷ್ಟು ಮಾಡಪ್ಪ."

ಮೇಸ್ತ್ರಿ ಒಂದು ಸಿರಿಂಜಿನಲ್ಲಿ ಗಟ್ಟಿ ಗ್ರೀಸು ತುಂಬಿ, ಜಾಯಿಂಟಿನ ರಬ್ಬರ್ ಚೀಲಕ್ಕೆ ಸೂಜಿ ಚುಚ್ಚಿ ಒಳಗೆ ತುಂಬಿದ. ತೂತಿಗೆ ಅಂಟು ಬಳಿದ. ನೋವು ಹಾಗೇ ಇತ್ತು. ಕೂಗುವುದಕ್ಕೆ ಮಾತ್ರ ಆಗಲಿಲ್ಲ.

ಆ ವಾರವೇ ಅಪ್ಪನ ವರ್ಷದ ಪುಣ್ಯಸ್ಮರಣೆ. ನೆಂಟರೆಲ್ಲ ಊಟ ಮುಗಿಸಿ ಅಂಗಳದಲ್ಲಿ ಎಲೆ ಅಡಿಕೆ ಹಾಕುತ್ತಿದ್ದಾಗ ಷಡಕ್ಷರಿ ತಂಗಿ ಗಂಗಾಂಬಿಕೆಯನ್ನು ಕರೆದು ಅವಳ ಅಂಗೈಗೆ ನನ್ನ ಕೀಲಿ ಇಟ್ಟ. "ತಗೋಮ್ಮ, ಇನ್ಮೇಲೆ ಇದು ನಿಂದು."

ಗಂಗಾಂಬಿಕೆ ತಿಪಟೂರಿನಲ್ಲಿ ಹೋಳಿಗೆ ಮಾಡಿ ಮದುವೆಮನೆಗಳಿಗೆ ಕೊಡುತ್ತಿದ್ದಳು. ಗಂಡನಿಗೆ ಕಣ್ಣು ಮಂದ. ಡ್ರೈವಿಂಗ್ ಕಲಿತವಳು ಅವಳೇ. ಅಲ್ಲಿಯವರೆಗೆ ಡಬ್ಬಗಳನ್ನು ಆಟೋದಲ್ಲಿ ಹೇರಿಕೊಂಡು ಅಲೆಯುತ್ತಿದ್ದಳು. ಕೀಲಿ ಹಿಡಿದು ಅತ್ತುಬಿಟ್ಟಳು. "ಇಂಥ ಅಣ್ಣ ಯಾರಿಗಿದ್ದಾನೆ!" ಎಂದಳು ಒಬ್ಬ ಅತ್ತೆ. ಷಡಕ್ಷರಿ ತಲೆ ತಗ್ಗಿಸಿ ನಕ್ಕ. ಅವನು ನನ್ನ ಕಡೆ ತಿರುಗಿ ಸಹ ನೋಡಲಿಲ್ಲ.

ತಿಪಟೂರಿನಲ್ಲಿ ನನಗೆ ಬೆಲ್ಲ, ಏಲಕ್ಕಿ, ತುಪ್ಪದ ವಾಸನೆ ಹತ್ತಿತು. ಹಿಂದಿನ ಸೀಟಿನ ತುಂಬ ಹೋಳಿಗೆ ಡಬ್ಬ. ಮುಂದೆ, ಎಡಗಡೆ, ಅವಳ ಮಗಳು ಮೇದಿನಿ. ನನ್ನ ನೋಯುವ ಕಾಲು ಇದ್ದದ್ದು ಸರಿಯಾಗಿ ಆ ಮಗುವಿನ ಪಾದದ ಮುಂದೆ. ಹುಳಿಯಾರು ರಸ್ತೆಯಲ್ಲಿ ಲಾರಿಗಳು ಎದುರಾದಾಗಲೆಲ್ಲ ಕೂಗಬೇಕೆನಿಸುತ್ತಿತ್ತು. ಗಂಟಲಲ್ಲಿ ಗ್ರೀಸು.

ಗ್ರೀಸು ಸವೆದಂತೆ ನನ್ನ ದನಿ ಮರಳಿತು. ಗಂಗಾಂಬಿಕೆ ಅಣ್ಣನಿಗೆ ಫೋನ್ ಮಾಡಿದಳು. "ಹಳೇ ಗಾಡಿ ಅಂದ್ಮೇಲೆ ಸದ್ದು ಇರುತ್ತಮ್ಮ. ರೇಡಿಯೋ ಹಾಕ್ಕೋ" ಎಂದು ಅವನು ನಕ್ಕ. ಅವಳೂ ನಕ್ಕಳು. ಆದರೆ ರೇಡಿಯೋ ಹಾಕಲಿಲ್ಲ.

ಅವಳು ನನ್ನನ್ನು ದಸ್ತಗೀರನ ಗ್ಯಾರೇಜಿಗೆ ತಂದಳು. ಅವನು ಮೊದಲು ಲಿಂಕ್ ರಾಡ್ ಬದಲಾಯಿಸಿದ. ಸದ್ದು ಹೋಗಲಿಲ್ಲ. ಆಮೇಲೆ ಶಾಕ್ ಅಬ್ಸಾರ್ಬರಿನ ಮೇಲಿನ ರಬ್ಬರು ಹೊಸದು ಹಾಕಿದ. ಆಗಲೂ ಹೋಗಲಿಲ್ಲ. "ಇಷ್ಟು ಸದ್ದು ಇರೋದೇ ಅಕ್ಕ" ಎಂದು ಅವನೂ ಕೈಚೆಲ್ಲುವುದರಲ್ಲಿದ್ದ.

"ಇಲ್ಲ ದಸ್ತಗೀರಣ್ಣ," ಎಂದಳು ಅವಳು. "ನೆಟ್ಟಗೆ ಹೋಗುವಾಗ ಬರಲ್ಲ. ಬಲಕ್ಕೆ ತಿರುಗಿಸ್ತಾ ಹಂಪ್ ಹತ್ತಿಸಿದ್ರೆ ಬರುತ್ತೆ. ಬ್ರೇಕ್ ಹಿಡಿದ್ರೂ ಒಂದು ಸಲ ಕಟ್ ಅನ್ನುತ್ತೆ. ಬನ್ನಿ, ಕೂತ್ಕೊಳ್ಳಿ, ಕೇಳಿಸ್ತೀನಿ."

ಇಬ್ಬರೂ ಕಿಟಕಿ ಇಳಿಸಿಕೊಂಡು ಮಾರುಕಟ್ಟೆ ರಸ್ತೆಯಲ್ಲಿ ಆಮೆಯಂತೆ ಹೋದರು. ಇಷ್ಟು ಗಮನವಿಟ್ಟು ನನ್ನ ಮಾತನ್ನು ಯಾರೂ ಕೇಳಿರಲಿಲ್ಲ. ಹಂಪ್ ಬಂತು. ಅವಳು ಬಲಕ್ಕೆ ತಿರುಗಿಸಿದಳು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದೆ. ದಸ್ತಗೀರನ ಮುಖ ಬದಲಾಯಿತು. "ಅಕ್ಕ, ವಾಪಸ್ ತಿರುಗಿಸಿ. ನಿಧಾನಕ್ಕೆ."

ಜಾಕ್ ಕೊಟ್ಟು ಎತ್ತಿದ. ಚಕ್ರದ ಕೆಳಗಿನ ತೋಳಿಗೆ ಸಬ್ಬಲ್ ಕೊಟ್ಟು ಮೀಟಿದ. ಗುಂಡು ಬಟ್ಟಲೊಳಗೆ ಲಟಕ್ಕನೆ ಕುಣಿಯಿತು. ದಸ್ತಗೀರ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದ.

"ಇಲ್ಲಿ ನೋಡಿ ಅಕ್ಕ. ರಬ್ಬರಿಗೆ ಸೂಜಿ ಚುಚ್ಚಿದ್ದಾರೆ. ಮೇಲೆ ಅಂಟು. ಒಳಗೆ ಗ್ರೀಸ್. ಅದಕ್ಕೇ ನಂಗೆ ಮೊದಲು ಸಿಕ್ಕಲಿಲ್ಲ. ಹೋಗಿದೆ ಅಂತ ಗೊತ್ತಿದ್ದೇ ಸದ್ದು ಮುಚ್ಚಿಸಿದ್ದಾರೆ. ಯಾರಿಂದ ತಗೊಂಡ್ರಿ ಈ ಗಾಡೀನ?"

ಗಂಗಾಂಬಿಕೆ ಚಕ್ರದ ಪಕ್ಕ ಕೂತಳು. ಬಗ್ಗಿ, ಆ ಪುಟ್ಟ ತೂತನ್ನು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳದೆ ಫೋನ್ ತೆಗೆದಳು.

"ಅಣ್ಣ, ಬಾಲ್ ಜಾಯಿಂಟ್ ಹೋಗಿರೋದು ನಿಂಗೆ ಗೊತ್ತಿತ್ತಾ?"

ಆ ಕಡೆಯಿಂದ ಮೊದಲು "ಯಾವ ಜಾಯಿಂಟು?" ಎಂಬ ದನಿ ಬಂತು. ಕೊನೆಗೆ, "ನೀನು ಊರೊಳಗೇ ತಾನೇ ಓಡಿಸ್ತೀಯ ಅಂದ್ಕೊಂಡೆ. ಹೇಳೋಣ ಅಂತಲೇ ಇದ್ದೆ ಕಣೇ. ಎಲ್ಲರ ಮುಂದೆ ಕೊಡುವಾಗ ಹೆಂಗೆ ಹೇಳ್ಲಿ?"

"ಸದ್ದಾಗುತ್ತೆ ಅಂತ ನಾನೇ ಕೇಳಿದೆನಲ್ಲ. ಆಗ ಹೇಳ್ಬಹುದಿತ್ತು. ಮೇದಿನಿ ದಿನಾ ಮುಂದಿನ ಸೀಟಲ್ಲೇ ಕೂರ್ತಾಳೆ ಅಣ್ಣ."

ಅವಳು ಫೋನ್ ಇಟ್ಟಳು. ಬೈಗುಳವಿಲ್ಲ, ಅಳುವಿಲ್ಲ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ದಸ್ತಗೀರ ಹೊಸ ಜಾಯಿಂಟ್ ಕೂಡಿಸಿ ಬೋಲ್ಟು ಬಿಗಿಯುವವರೆಗೂ ಅವನ ಕೈಯನ್ನೇ ನೋಡುತ್ತಿದ್ದಳು. ಕಾಲಿನ ನೋವು ಅಂದೇ ಹೋಯಿತು. ಆದರೆ "ಅದಕ್ಕೂ ನೋವಾಗುತ್ತೆ" ಎಂದವನ ಮಾತನ್ನು ಅಷ್ಟು ವರ್ಷ ನಂಬಿದ ನನಗೆ ಒಳಗೆಲ್ಲೋ ಏನೋ ಕಳಚಿತ್ತು. ಅದು ಯಾವ ಜಾಕಿಗೂ ಸಿಗುವಂಥದ್ದಲ್ಲ.

ನಾನು ಇನ್ನೂ ಹಲವು ವರ್ಷ ಅವಳಿಗಾಗಿ ದುಡಿದೆ. ಈಗ ಓಡುವುದಿಲ್ಲ. ಅವಳ ಮನೆಯ ಪಕ್ಕದ ಶೀಟಿನ ಕೆಳಗೆ ನಿಂತಿದ್ದೇನೆ. ಟೈರುಗಳಲ್ಲಿ ಗಾಳಿಯಿಲ್ಲ. ಬಿಸಿಲಿಗೆ ಚಾಚಿದ ನನ್ನ ಬಾನೆಟ್ಟಿನ ಮೇಲೆ ಹಪ್ಪಳ ಒಣಗುತ್ತವೆ. ಗುಜರಿಯವನು ಎರಡು ಸಲ ಬಂದು ಹೋದ. ಅವಳು ಕೊಡಲಿಲ್ಲ.

ಮೊನ್ನೆ ಷಡಕ್ಷರಿ ಬಂದಿದ್ದ. ದೊಡ್ಡಪ್ಪನ ಮೊಮ್ಮಗಳ ಮದುವೆಗೆ ಕರೆದೊಯ್ಯಲು ಹೊಸ ಕಾರು ತಂದಿದ್ದ. ಬೆಳ್ಳಗೆ ಹೊಳೆಯುವ ಕಾರು. ತಾನೇ ಇಳಿದು ಹಿಂದಿನ ಬಾಗಿಲು ತೆರೆದು ನಿಂತ. "ಬಾರಮ್ಮ, ಎಲ್ರೂ ಹತ್ತಿ. ಎ.ಸಿ. ಹಾಕಿದ್ದೀನಿ."

ಗಂಗಾಂಬಿಕೆ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಕಾಫಿ ಕುಡಿದ್ಯಾ ಅಣ್ಣ?" ಎಂದು ಕೇಳಿದಳು. ಕುಡಿದೆ ಎಂದ.

"ಹಾಗಾದ್ರೆ ನೀನು ಹೊರಡು. ನಾವು ಬಸ್ಸಲ್ಲಿ ಬರ್ತೀವಿ."

ಅವನು ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಅವಳು ಮನೆಗೆ ಬೀಗ ಹಾಕಿ, ಗಂಡನ ಕೈ ಹಿಡಿದು, ಎತ್ತರಕ್ಕೆ ಬೆಳೆದ ಮಗಳ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಹೊಸ ಕಾರಿನ ಒಳಗಿನ ತಣ್ಣನೆ ಗಾಳಿಯೆಲ್ಲ ಬಿಸಿಲಿಗೆ ಸೋರಿಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ಆ ಬಾಗಿಲನ್ನು ಮುಚ್ಚಿದ.