ದೀಪ ಹಚ್ಚುವ ಹೊತ್ತಿನ ಹುಳ

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಣಸಿನ ಕಾಳಿನಂಥ ಕರಿ ಹಿಕ್ಕೆ ಬಿದ್ದದ್ದನ್ನು ನೋಡಿ ಲಲಿತಾ ಇಲಿಯದ್ದಿರಬೇಕು ಅಂದುಕೊಂಡಳು. ಗುಡಿಸಿದಳು. ಮರುದಿನ ಮತ್ತೆ ಬಿದ್ದಿತ್ತು. ತಲೆ ಎತ್ತಿದರೆ ನಂದಿಬಟ್ಟಲಿನ ಎಲೆಗಳನ್ನು ಅಂಚಿನಿಂದ ಯಾರೋ ಕತ್ತರಿಸಿದಂತಿತ್ತು. ಬಹಳ ಹೊತ್ತು ನೋಡಿದ ಮೇಲೆ, ಎಲೆ ಅಂದುಕೊಂಡಿದ್ದುದರಲ್ಲಿ ಒಂದು ಎಲೆಯೇ ಅಲ್ಲ ಎಂದು ತಿಳಿಯಿತು. ಬೆರಳಿನಷ್ಟು ದಪ್ಪದ ಹಸಿರು ಹುಳ, ಬಾಲದ ಕಡೆ ಸಣ್ಣದೊಂದು ಕೊಂಬು. ಟೊಂಗೆ ಬಗ್ಗಿಸಿದ್ದೇ ಅದು ತಲೆ ಒಳಗೆಳೆದುಕೊಂಡು ಕತ್ತು ಉಬ್ಬಿಸಿತು. ಅಲ್ಲಿ ಎರಡು ನೀಲಿ ಕಣ್ಣು ತೆರೆದವು. ನಿಜವಾದ ಕಣ್ಣಲ್ಲ, ಚರ್ಮದ ಮೇಲಿನ ಮಚ್ಚೆ. ಆದರೂ ಅವಳು ಟೊಂಗೆ ಬಿಟ್ಟು ಹಿಂದೆ ಸರಿದಳು.

ಗಿಡ ಅತ್ತೆ ಯಂಕವ್ವನದು. ಕುಷ್ಟಗಿಯ ಈ ಮನೆಗೆ ಬಂದಾಗ ತಾನೇ ನೆಟ್ಟದ್ದು. ದಿನಾ ಬೆಳಕು ಹರಿಯುವ ಮುನ್ನ ಬುಟ್ಟಿ ಹಿಡಿದು, ಬರಿಗಾಲಲ್ಲಿ ಹೋಗಿ ಪೂಜೆಗೆ ಹೂ ಬಿಡಿಸುತ್ತಿದ್ದಳು. ಹುಳ ನೋಡಿದವಳೇ, "ಔಷಧ ಹೊಡಿಸು" ಅಂದಳು.

"ಸ್ವಲ್ಪ ತಡೀರಿ ಅತ್ತಿ. ತಿಂದು ತಿಂದು ತಾವ ಇಳದು ಹೋಗ್ತಾವ. ಪಾತರಗಿತ್ತಿ ಆಗ್ತಾವ."

"ಯಾರ ಹೇಳ್ಯಾರ ಇದನ್ನ?"

"ಕಾಲೇಜಿನಾಗ ಹೇಳಿದ್ರು."

ಯಂಕವ್ವ ಮತ್ತೆ ಔಷಧದ ಮಾತೆತ್ತಲಿಲ್ಲ. ಮದುವೆಯಾಗಿ ಬಂದ ಸೊಸೆಯನ್ನು ಸಂಜೆ ತರಗತಿಗೆ ಕಳಿಸಿ ಪಿಯುಸಿ ಮುಗಿಸುವಂತೆ ಮಾಡಿದವಳು ಅವಳೇ. ಲಲಿತಾಗೆ ಮಾತ್ರ ಒಳಗೆ ಚುಚ್ಚಿತು. ಕಾಲೇಜಿನಲ್ಲಿ ಹೇಳಿದ್ದು ರೇಷ್ಮೆ ಹುಳದ ಬಗ್ಗೆ, ಈ ಹುಳದ ಬಗ್ಗೆ ಅಲ್ಲ. ತನಗೆ ಗೊತ್ತಿರುವುದಕ್ಕಿಂತ ಗಟ್ಟಿಯಾಗಿ ಹೇಳಿಬಿಟ್ಟಿದ್ದಳು.

ಆದರೆ ಹೇಳಿದ ಹಾಗೇ ಆಯಿತು. ಕೆಲವು ಹುಳಗಳ ಹಸಿರು ಚಹಾದ ಬಣ್ಣಕ್ಕೆ ತಿರುಗಿತು. ಅವು ತಿನ್ನುವುದನ್ನು ಬಿಟ್ಟು ಕಾಂಡದ ಗುಂಟ ಇಳಿದು, ಒಗೆಯುವ ಕಲ್ಲನ್ನು ಸುತ್ತಿ, ಒಣಗಿದ ಎಲೆಗಳೊಳಗೆ ಸೇರಿಕೊಂಡವು. ಗುಡಿಸಿದರೆ ಅವೂ ಕಸದ ಜೊತೆ ಹೋಗುತ್ತವೆ. ಹಾಗಾಗಿ ಗಿಡದ ಬುಡ ಗುಡಿಸಬೇಡಿ ಎಂದು ಲಲಿತಾ ಅತ್ತೆಯನ್ನು ಬೇಡಿಕೊಂಡಳು. ಆಷಾಢದ ಗಾಳಿಮಳೆಗೆ ಎಲೆ ಉದುರುತ್ತಲೇ ಇತ್ತು. ಬುಡದಲ್ಲಿ ಮೊಣಕೈ ಮುಳುಗುವಷ್ಟು ಗುಡ್ಡೆಯಾಯಿತು.

"ಕಸಾ ಕೂಡಿಟ್ಕೊಂಡು ಕುಂಡ್ರೂ ಮನಿ ಆತು ನಮ್ದು," ಎಂದು ಯಂಕವ್ವ ಗೊಣಗುತ್ತ ಕಸಬರಿಗೆಯನ್ನು ಮೂಲೆಗೆ ಒರಗಿಸಿದಳು.

ಪಕ್ಕದ ಮನೆಯ ಮಾಳವ್ವ ಗೋಡೆಯ ಮೇಲಿಂದ ಇಣುಕಿದಳು. "ಏನ್ರಿ ಯಂಕವ್ವಕ್ಕ, ಸೊಸಿ ಹುಳಾ ಸಾಕ್ಯಾಳಂತ? ತೊಟ್ಲಾ ಯಾವಾಗ ಕಟ್ಟತೀರಿ?"

"ನೀ ಬಂದು ಜೋಗುಳಾ ಹಾಡು, ಕಟ್ಟತೀನಿ," ಅಂದಳು ಯಂಕವ್ವ.

ಪಂಚಮಿ ಹತ್ತಿರ ಬಂದಿದ್ದ ಒಂದು ಸಂಜೆ. ಗಂಡ ತಿರುಮಲೇಶ ಬಸ್ಸಿನ ಡ್ಯೂಟಿಗೆ ಹೋಗಿದ್ದ. ಲಲಿತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿತ್ತಲಿನಿಂದ ಬಂದ ಯಂಕವ್ವ ಬಾಗಿಲಲ್ಲೇ ನಿಂತು ದನಿ ತಗ್ಗಿಸಿದಳು.

"ಲಲಿತಾ, ಗಿಡದ ಬುಡಕ ಹುಳಾ ಕಂಡೆ ನೋಡವ್ವ."

"ಇರ್ಲಿ ಬಿಡ್ರಿ ಅತ್ತಿ. ಏನೂ ಮಾಡೂದಿಲ್ಲ."

"ಭಾಳ ಉದ್ದ ಐತಿ."

"ತಿಂದು ಬೆಳದಿರಬೇಕ್ರಿ."

"ಎಲಿ ಒಳಗ ಹೊಕ್ಕೊಂತು."

"ಹೊಕ್ಕೊಳ್ಳಾಕ ಬಂದಿರ್ತೈತ್ರಿ. ಇನ್ನ ಅಲ್ಲೇ ಮಲಗ್ತೈತಿ. ನೀವು ಮುಟ್ಟಬ್ಯಾಡ್ರಿ, ಅಷ್ಟ."

"ನಾ ಯಾಕ ಮುಟ್ಟಲಿ ಯವ್ವಾ? ಅದು ನನ್ನ ಮುಟ್ಟಲಿಲ್ಲಂದ್ರ ಸಾಕು."

ಲಲಿತಾ ನಕ್ಕಳು. ಯಂಕವ್ವ ನಗಲಿಲ್ಲ. "ಓದಿದಾಕಿ ನೀನು. ಏನೂ ಮಾಡೂದಿಲ್ಲ ಅಂತಿ ಅಂದಮ್ಯಾಗ ಇರ್ಲಿ," ಎಂದು ದೀಪ ಹಚ್ಚಲು ಒಳಗೆ ಹೋದಳು.

ಬೆಳಗಿನ ಜಾವ ಹಿತ್ತಲ ಬಾಗಿಲ ಚಿಲಕದ ಸಪ್ಪಳಕ್ಕೆ ಲಲಿತಾಗೆ ಎಚ್ಚರವಾಯಿತು. ಹೂ ಬಿಡಿಸಲು ಹೊರಟಿದ್ದಾರೆ ಎಂದು ಮಗ್ಗಲು ಬದಲಿಸಿದಳು. ಆಗ ಅತ್ತೆಯ ಮಾತು ತಿರುಗಿ ಕಿವಿಗೆ ಬಿತ್ತು. ಅದು ನನ್ನ ಮುಟ್ಟಲಿಲ್ಲಂದ್ರ ಸಾಕು.

ದಡಕ್ಕನೆ ಎದ್ದು ಕುಳಿತಳು. ದೀಪ ಹಚ್ಚುವ ಹೊತ್ತಿನಿಂದ ಬೆಳಕು ಹರಿಯುವ ತನಕ ಹಾವಿನ ಹೆಸರನ್ನು ಯಾರೂ ಬಾಯಲ್ಲಿ ತರುವುದಿಲ್ಲ, ಹುಳ ಅನ್ನುತ್ತಾರೆ. ಕಚ್ಚಿತು ಅನ್ನುವುದಿಲ್ಲ, ಮುಟ್ಟಿತು ಅನ್ನುತ್ತಾರೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯ ತವರು ಮನೆಯಲ್ಲಿ, ಸಣ್ಣವಳಿದ್ದಾಗ ಸಂಜೆ ಹೊತ್ತು ಆ ಹೆಸರು ಹೇಳಿ ಅವ್ವನಿಂದ ಬಾಯಿಯ ಮೇಲೆ ಏಟು ತಿಂದಿದ್ದಳು. ತಲೆಯ ತುಂಬ ಹಸಿರು ಹುಳಗಳೇ ಇದ್ದುದರಿಂದ ನಿನ್ನೆ ಆ ಮಾತಿಗೆ ಬೇರೆ ಅರ್ಥ ಹೊಳೆದಿರಲಿಲ್ಲ.

"ಅತ್ತೀ, ನಿಂದರ್ರಿ!" ಎಂದು ಓಡಿದಳು.

ಯಂಕವ್ವ ಒಗೆಯುವ ಕಲ್ಲಿನ ಮೇಲೆ ಕುಳಿತು ಪಾದ ಹಿಡಿದುಕೊಂಡಿದ್ದಳು. ಹೂವಿನ ಬುಟ್ಟಿ ಪಕ್ಕದಲ್ಲಿತ್ತು, ಒಂದು ಹೂವೂ ಚೆಲ್ಲಿರಲಿಲ್ಲ.

"ಮುಟ್ಟಿತು ನೋಡವ್ವ," ಅಂದಳು, ಯಾರೋ ಬಂದು ಹೋದರು ಅನ್ನುವಂತೆ.

ಮಾಳವ್ವನ ಮಗನ ಆಟೋದಲ್ಲಿ ಆಸ್ಪತ್ರೆ ಸೇರಿದರು. ಅಲ್ಲಿದ್ದ ಡಾಕ್ಟರು ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಹುಡುಗ. ರಾತ್ರಿಯೆಲ್ಲ ಎದ್ದಿದ್ದ ಕಣ್ಣು.

"ಏನಾಯ್ತು ಅಜ್ಜಿ?"

"ಹುಳಾ ಮುಟ್ಟೇತ್ರಿ."

ಅವನು ಪಾದ ಹಿಡಿದು ನೋಡಿದ. ಬಾವು ಇರಲಿಲ್ಲ, ರಕ್ತವೂ ಇಲ್ಲ. "ಯಾವ ಹುಳ? ಕಂಬಳಿಹುಳಾನಾ? ತುರಿಕೆ ಇದೆಯಾ?"

"ತುರಿಕಿಲ್ರಿ. ಹುಳಾ."

"ಏನೂ ಆಗಲ್ಲ ಬಿಡಿ," ಎಂದು ಅವನು ನರ್ಸಿಗೆ ಮುಲಾಮು ಹಚ್ಚಲು ಹೇಳಿದ.

ಏನೂ ಆಗಲ್ಲ ಬಿಡಿ. ಹೆಚ್ಚುಕಡಿಮೆ ಇದೇ ಮಾತನ್ನು ತಾನು ನಿನ್ನೆ ಹೇಳಿದ್ದು ಲಲಿತಾಗೆ ನೆನಪಾಯಿತು. ಹೇಳಬೇಕು. ಆದರೆ ಕಣ್ಣಾರೆ ಕಂಡವಳಲ್ಲ. ಬರೀ ಮುಳ್ಳು ಚುಚ್ಚಿದ್ದರೆ? ಹಾವಿನ ಇಂಜೆಕ್ಷನ್ನೇ ಮೈಗೆ ಆಗದೆ ಏನಾದರೂ ಆದರೆ? ನಿನ್ನೆ ಗಟ್ಟಿಯಾಗಿ ಹೇಳಿದ್ದು ಸುಳ್ಳಾಯಿತು, ಇವತ್ತಿನದೂ ಸುಳ್ಳಾದರೆ? ಅತ್ತೆಯ ಕಡೆ ನೋಡಿದಳು. ಯಂಕವ್ವನ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು.

"ನಿದ್ದಿ ಬರಾಕತ್ತೈತಿ ಯವ್ವಾ..."

"ಹಾವ್ರಿ ಸರ್," ಅಂದಳು ಲಲಿತಾ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದಳು. "ಹಾವು! ನಮ್ಮ ಕಡಿ ಹುಳಾ ಅಂದ್ರ ಹಾವ್ರಿ! ನಿನ್ನೆ ಸಂಜಿಕ ಕಂಡಿತ್ತು, ಹಸರ ಹುಳಾ ಅಂತ ತಿಳದು ನಾನ ಇರ್ಲಿ ಅಂದೆ!"

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರು ಆಗಲೇ ಎದ್ದು ನರ್ಸನ್ನು ಕೂಗುತ್ತಿದ್ದ.

ಯಂಕವ್ವ ಉಳಿದಳು. ತಿರುಮಲೇಶ ಡ್ಯೂಟಿಯ ಬಟ್ಟೆಯಲ್ಲೇ ಓಡಿ ಬಂದಾಗ ಅವಳಿಗೆ ಮಾತಾಡುವಷ್ಟು ಶಕ್ತಿ ಬಂದಿತ್ತು.

"ಮೊದಲ ಯಾರ ಕಣ್ಣಿಗೂ ಬಿದ್ದಿದ್ದಿಲ್ಲೇನು ಅದು?" ಎಂದು ಅವನು ಕೇಳಿದ.

ಲಲಿತಾ ಬಾಯಿ ತೆರೆದಳು. ಅವಳಿಗಿಂತ ಮೊದಲೇ ಯಂಕವ್ವ, "ಇಲ್ಲಪಾ. ಕತ್ತಲಿತ್ತು," ಎಂದು ಕಣ್ಣು ಮುಚ್ಚಿದಳು.

ಅವನು ಚಹಾ ತರಲು ಹೋದಾಗ ಲಲಿತಾ ಕೇಳಿದಳು. "ಯಾಕ ಹಂಗ ಹೇಳಿದ್ರಿ ಅತ್ತಿ?"

"ನಾಗರಪಂಚಮಿ ತಿಂಗಳಾ, ಬಡೀಬಾರದು ಅಂತ ನೀ ಇರ್ಲಿ ಅಂದಿ ಅಂತ ತಿಳಕೊಂಡೆ. ನನಗೂ ಅದ ಖರೇ ಅನಿಸ್ತು. ನಿನ್ನೊಬ್ಬಾಕಿನ್ನ ಯಾಕ ಬೈಸ್ಲಿ? ನೀ ಅಂದದ್ದು ಆ ಹಸರ ಹುಳಕ್ಕ ಅಂತ ಡಾಕ್ಟರ ಮುಂದ ನೀ ಒದರಿದಾಗ ತಿಳೀತು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತೇನೋ ಅಂದುಕೊಂಡಳು ಲಲಿತಾ.

ಮನೆಗೆ ಬಂದ ಮೇಲೆ ಮಾಳವ್ವ ನೋಡಲು ಬಂದಳು. "ಓಣ್ಯಾಗ ಏನಂತಾರ ಗೊತ್ತೈತೇನ್ರಿ? ಸೊಸಿ ಹುಳಾ ಸಾಕಿ ಅತ್ತಿ ಮ್ಯಾಲ ಬಿಟ್ಳಂತ!" ಎಂದು ತಾನೊಬ್ಬಳೇ ನಕ್ಕಳು.

ತಿರುಮಲೇಶ ಎಲೆಗುಡ್ಡೆಗೆ ಸೀಮೆಎಣ್ಣೆ ಸುರಿಯಲು ಹೊರಟಿದ್ದ. ತಾನೇ ತೆಗೆಯುತ್ತೇನೆಂದು ಲಲಿತಾ ಅವನನ್ನು ತಡೆದಳು. ಅವನ ಬೂಟು ಹಾಕಿಕೊಂಡು, ಉದ್ದನೆಯ ಕೋಲಿನಿಂದ ಎಲೆಗಳನ್ನು ದೂರದಿಂದಲೇ ಎಳೆದಳು. ಹಾವು ಇರಲಿಲ್ಲ. ನಡುನಡುವೆ ಕಂದು ಬಣ್ಣದ ಕೋಶಗಳು ಸಿಕ್ಕವು. ಬೆರಳು ತಾಕಿದರೆ ಮೈ ಹೊರಳಿಸುತ್ತಿದ್ದವು. ಅವನ್ನು ಎಸೆಯಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ಧೈರ್ಯವೂ ಇರಲಿಲ್ಲ. ಕೊನೆಗೆ ಒಡಕು ಗಡಿಗೆಯೊಂದರಲ್ಲಿ ಹಸಿಮಣ್ಣು ಹಾಕಿ, ಕೋಶಗಳನ್ನಿಟ್ಟು, ಮೇಲೆ ಬಟ್ಟೆ ಕಟ್ಟಿದಳು. ಪ್ರೀತಿಗೆ ಇಟ್ಟುಕೊಂಡೆನೋ, ತನ್ನದು ಪೂರ್ತಿ ತಪ್ಪಲ್ಲ ಎಂದು ತೋರಿಸಲು ಇಟ್ಟುಕೊಂಡೆನೋ, ಅವಳಿಗೇ ತಿಳಿಯಲಿಲ್ಲ. ಎಳೆದ ಎಲೆಗಳಿಗೆ ಬೆಂಕಿ ಹಚ್ಚಿದಳು.

ಗಡಿಗೆಯೊಳಗೆ ಪರಪರ ಸಪ್ಪಳವಾದದ್ದು ಒಂದು ಸಂಜೆ. ಬಟ್ಟೆ ಬಿಚ್ಚಿದರೆ ಅಂಚಿನ ಮೇಲೆ ಒಂದು ಪತಂಗ ಕುಳಿತಿತ್ತು. ಅಂಗೈ ಅಗಲದ ಹಸಿರು ರೆಕ್ಕೆಗಳು, ಅವುಗಳ ಮೇಲೆ ನೀರಿನಲ್ಲಿ ಬಣ್ಣ ಕದಡಿದಂಥ ಬಿಳಿ ಮತ್ತು ನಸುಗೆಂಪು ಗೆರೆಗಳು. ಇಡೀ ಮೈ ಸಣ್ಣಗೆ ನಡುಗುತ್ತಿತ್ತು.

"ಅತ್ತಿ, ಬರ್ರಿ ಇಲ್ಲೆ! ನೋಡ್ರಿ!"

ಯಂಕವ್ವ ಕೋಲೂರಿ ಬಂದಳು. ಬಗ್ಗಿ ಬಹಳ ಹೊತ್ತು ನೋಡಿದಳು. "ಛಲೋ ಐತಿ," ಅಂದಳು. "ಇದಾ ಏನು ಆ ಹುಳಾ?"

"ಹೌದ್ರಿ. ಅದಾ."

ಪತಂಗ ಎದ್ದು ನಂದಿಬಟ್ಟಲಿನ ಕಡೆ ಹಾರಿತು. ಲಲಿತಾ ಅದರ ಬೆನ್ನಿಗೆ ಹಿತ್ತಲಿಗೆ ಕಾಲಿಟ್ಟಳು. ಯಂಕವ್ವನ ಕೋಲು ಅವಳ ಮುಂದೆ ಅಡ್ಡ ಬಂತು.

"ಚಪ್ಪಲಿ ಹಾಕ್ಕೊ. ಅಲ್ಲೆ ಹಾವು ಇರ್ತಾವ."

ಲಲಿತಾ ನಿಂತುಬಿಟ್ಟಳು. ಒಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು. ಆ ಹೊತ್ತಿನಲ್ಲಿ ಆ ಹೆಸರು ಅತ್ತೆಯ ಬಾಯಿಂದ ಬಂದದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಹಾವು," ಎಂದು ಯಂಕವ್ವ ಇನ್ನೊಮ್ಮೆ ಬಿಡಿಸಿ ಹೇಳಿದಳು, ಪರ ಊರಿಂದ ಬಂದವರಿಗೆ ಹೇಳುವಂತೆ. "ತಿಳೀತಿಲ್ಲೋ?"

"ತಿಳೀತ್ರಿ," ಎಂದು ಲಲಿತಾ ಚಪ್ಪಲಿ ಹುಡುಕಿದಳು. ಮೆಟ್ಟಿಕೊಂಡು ಹೊರಗೆ ಹೋಗುವಷ್ಟರಲ್ಲಿ ಗಿಡದ ಎಲೆ ಯಾವುದು, ಪತಂಗ ಯಾವುದು ಎಂದು ಕಾಣಿಸದಂತೆ ಕತ್ತಲಾಗಿತ್ತು.