ಇಪ್ಪತ್ತು ಮುಖಗಳು

“ಭಯ,” ಎಂದ ಬಡಗಿ, ಥಟ್ಟನೆ.

ಚಿತ್ರದಲ್ಲಿದ್ದ ಹೆಂಗಸು ಬಾಯ್ತುಂಬ ನಗುತ್ತಿದ್ದಳು. ಜೈಲಿನ ಮನಶ್ಶಾಸ್ತ್ರಜ್ಞ ಮುಂದಿನ ಚಿತ್ರ ಎತ್ತಿದ. ಅಳುವ ಮುದುಕ.

“ಸಂತೋಷ.”

ಬೆಳಿಗ್ಗೆ ಮನಶ್ಶಾಸ್ತ್ರಜ್ಞನ ಕೈಯಿಂದ ಚಿತ್ರಗಳ ಕಟ್ಟು ಜಾರಿ ಚೆಲ್ಲಾಪಿಲ್ಲಿಯಾಗಿತ್ತು. ಸಿಕ್ಕ ಹಾಗೆ ಆರಿಸಿಕೊಂಡು ತಂದಿದ್ದ. ಈಗ ಹೊಳೆಯಿತು. ಆರು ವರ್ಷಗಳಿಂದ ಅದೇ ಇಪ್ಪತ್ತು ಮುಖ, ಅದೇ ಸಾಲು. ಹದಿನೈದು ಮುಖಗಳ ಭಾವ ಸರಿಯಾಗಿ ಹೇಳಿದ ಕೈದಿಯ ಬಿಡುಗಡೆಗೆ ಅವನ ಶಿಫಾರಸು.

“ಯಾರು ಹೇಳ್ಕೊಟ್ಟಿದ್ದು?”

“ಏನ್ ಸಾರ್?”

“ಮೊದಲನೇದು ಭಯ, ಎರಡನೇದು ಸಂತೋಷ ಅಂತ.”

ಬಡಗಿ ತಲೆ ತಗ್ಗಿಸಿದ. “ಒಳಗೆ ಎಲ್ಲರಿಗೂ ಬಾಯಿಪಾಠ ಸಾರ್. ಹೊಸಬರಿಗೆ ಮೊದಲು ಅದನ್ನೇ ಹೇಳ್ಕೊಡೋದು.”

ಎಲ್ಲರಿಗೂ! ಹಾಗಾದರೆ ತನ್ನ ಸಹಿ ಹಿಡಿದು ಮನೆಗೆ ಹೋದವರು? ತನ್ನ ಕೈದಿಗಳು ಮುಖ ಓದಲು ಕಲಿತಿದ್ದಾರೆಂದು ಎರಡು ಪ್ರಬಂಧ ಬೇರೆ ಓದಿ ಚಪ್ಪಾಳೆ ಗಿಟ್ಟಿಸಿದ್ದ, ಮಹಾನುಭಾವ.

ಬಡಗಿಯ ಕಡತ ಮೇಜಿನ ಮೇಲಿತ್ತು. ಐದು ವರ್ಷದ ಹಿಂದೆ, ಹೆದರಿ ಗೋಡೆಗೆ ಒತ್ತಿ ನಿಂತ ಹೆಂಡತಿಯ ಮುಖ ಅವನಿಗೆ ಅಣಕಿಸುವಂತೆ ಕಂಡಿತ್ತು. ಸುತ್ತಿಗೆಯಿಂದ ಅವಳ ಭುಜದ ಮೂಳೆ ಪುಡಿ ಮಾಡಿದ್ದ.

“ನಿಜ ಹೇಳಪ್ಪಾ. ಈ ಹೆಂಗಸು ಏನು ಮಾಡ್ತಿದಾಳೆ?”

ನಗುವ ಚಿತ್ರವನ್ನು ಬಡಗಿ ಹತ್ತಿರ ತಂದ, ದೂರ ಹಿಡಿದ. ಹಣೆ ಬೆವರಿತು. “ಬೈತಿದಾಳಾ ಸಾರ್?”

ಮನಶ್ಶಾಸ್ತ್ರಜ್ಞ ಚಿತ್ರವನ್ನು ವಾಪಸು ತೆಗೆದುಕೊಂಡ.

“ನಿಮ್ಮ ಕಾಲು ಹಿಡ್ಕೋತೀನಿ, ಇದೊಂದ್ಸಲ ಪಾಸ್ ಮಾಡಿ. ನಂಗೆ ಕಾಣಲ್ಲ, ಏನ್ ಮಾಡ್ಲಿ? ಎಲ್ಲರೂ ನನ್ನ ಬೈತಿರೋ ಹಾಗೇ ಕಾಣುತ್ತೆ. ಈಗ ನೀವೂ ಅಷ್ಟೇ.”

ಮನಶ್ಶಾಸ್ತ್ರಜ್ಞ ಬೈಯುತ್ತಿರಲಿಲ್ಲ. ಅವನಿಗೆ ಭಯವಾಗಿತ್ತು.

ವರದಿ ಸಂಜೆಯೊಳಗೆ ಹೋಗಬೇಕು. ಬಡಗಿಯ ಹೆಂಡತಿ ಬಂದಿದ್ದಾಳೆಂದು ಕಾವಲಿನವನು ಹೇಳಿದಾಗ, ಸದ್ಯ, ಅವಳನ್ನೇ ಕೇಳಿದರಾಯಿತು ಎಂದು ಹಗುರಾದ.

ಭೇಟಿಯ ಕೋಣೆಯಲ್ಲಿ ಚಳಿ. ಗಾಜಿನ ಆಚೆ ಅವಳು ನಿಂತಿದ್ದಳು, ಒಂದು ಭುಜ ತಗ್ಗು. ಬೆನ್ನಿಗೆ ಅಂಟಿದಂತೆ ಗಂಡನ ಅಣ್ಣ.

“ಬಿಡ್ತೀರಾ ಸಾರ್?”

“ನಿಮಗೇನು ಅನ್ಸುತ್ತಮ್ಮಾ?”

ಭಾವ ಕೆಮ್ಮಿದ. ಅವಳು ಹಿಂದಿರುಗಿ ನೋಡಲಿಲ್ಲ.

“ನೀವು ಓದಿದೋರು. ನೋಡಿದ್ರೆ ಗೊತ್ತಾಗುತ್ತಲ್ಲ.” ಅಗಲವಾದ ಕಣ್ಣು, ಬಿಗಿದ ತುಟಿ. “ಬಿಡ್ತೀರಾ?”

ಬಿಡಿ ಎನ್ನುತ್ತಿದ್ದಾಳೆಯೇ, ಬಿಡಬೇಡಿ ಎನ್ನುತ್ತಿದ್ದಾಳೆಯೇ? ನೋಡಿದ, ಮತ್ತೆ ನೋಡಿದ. ಹಾಳಾದ್ದು, ಒಂದಿಷ್ಟೂ ತಿಳಿಯಲಿಲ್ಲ.

“ಬಾಯಿಬಿಟ್ಟು ಹೇಳಮ್ಮಾ, ನಿನ್ನ ದಮ್ಮಯ್ಯ,” ಎಂದ.

ಹೇಳಲೆಂದು ಅವಳು ಗಾಜಿಗೆ ತೀರಾ ಹತ್ತಿರ ಬಂದಳು. ಉಸಿರು ಬಂತು, ಮಾತು ಬರಲಿಲ್ಲ. ಗಾಜು ಮಂಜಾಯಿತು. ಮೊದಲು ಬಾಯಿ ಮರೆಯಾಯಿತು, ಆಮೇಲೆ ಕಣ್ಣು.