ಅತ್ತೆಯ ಪಾಲಿನ ಹಾಲು

ನಮ್ಮ ಮನೆಯಲ್ಲಿ ಒಬ್ಬರಿಗೆ ಕುಡಿಯಬೇಡಿ ಅನ್ನಬೇಕು, ಇನ್ನೊಬ್ಬರಿಗೆ ಕುಡಿಯಿರಿ ಅನ್ನಬೇಕು. ಎರಡನ್ನೂ ಹೇಳಿ ಹೇಳಿ ನನ್ನ ಗಂಟಲೇ ಒಣಗಿಹೋಗಿದೆ.

ಕುಡಿಯಬಾರದವರು ನನ್ನ ಮಾವ ಚಂದ್ರಯ್ಯ. ಅವರ ಹೃದಯಕ್ಕೆ ಬಲ ಸಾಲದು, ಮೈಯಲ್ಲಿ ನೀರು ನಿಲ್ಲುತ್ತದೆ. ಹಾಸನದ ಡಾಕ್ಟರು ನನ್ನನ್ನೇ ಕೂರಿಸಿಕೊಂಡು ಹೇಳಿದರು: ನೀರು, ಕಾಫಿ, ಹಾಲು, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ದಾಟಬಾರದು. ದಾಟಿದರೆ ಉಸಿರಿಗೇ ತೊಂದರೆ.

ಕುಡಿಯಬೇಕಾದವರು ಅತ್ತೆ ಸುವರ್ಣಮ್ಮ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಮನೇಲಿ ಹಸು ಇದ್ಯೇನಮ್ಮಾ?" ಅಂದರು.

"ಅವೆ ಸಾ, ಎಲ್ಡು."

"ಮತ್ತೆ ಹಾಲು ಯಾರು ಕುಡೀತಾರೆ?"

ಅತ್ತೆ ನಕ್ಕುಬಿಟ್ಟರು. "ಡೈರಿಗಾಕ್ತೀವಿ ಸಾ."

ಡಾಕ್ಟರು ನಗಲಿಲ್ಲ. ಮೂಳೆ ಟೊಳ್ಳಾಗಿದೆ, ಮಾತ್ರೆಯ ಜೊತೆಗೆ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಲು ಕುಡಿಯಲೇಬೇಕು, ಇನ್ನೊಮ್ಮೆ ಬಿದ್ದರೆ ಸೊಂಟವೇ ಹೋದೀತು ಅಂದರು.

ನಾನು ಹಾಸನದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುವವಳು. ನಮ್ಮೂರು ದುದ್ದದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ಮನೆ ಸೇರುವುದು ಕತ್ತಲಾದ ಮೇಲೆ. ನನ್ನ ಗಂಡ ರಜನೀಶ್ ಗೂಡ್ಸ್ ಆಟೋ ಓಡಿಸುತ್ತಾನೆ, ಅವನು ಬರುವ ಹೊತ್ತನ್ನು ದೇವರೂ ಹೇಳಲಾರ. ಹಾಗಾಗಿ ಹೊರಡುವ ಮುಂಚೆ ನಾನೇ ಎಲ್ಲ ವ್ಯವಸ್ಥೆ ಮಾಡಿ ಹೋಗುತ್ತಿದ್ದೆ. ಮಾವನ ಇಡೀ ದಿನದ ಒಂದು ಲೀಟರ್ ನೀರು ಅಳೆದು ಸ್ಟೀಲ್ ಚೊಂಬಿನಲ್ಲಿ. ಕಾಫಿ ಕೊಟ್ಟರೆ ಅಷ್ಟು ನೀರನ್ನು ಚೊಂಬಿನಿಂದ ಚೆಲ್ಲಬೇಕು, ಸಾರು ಬಡಿಸಿದರೂ ಚೆಲ್ಲಬೇಕು. ನಮ್ಮ ಹಸು ಗೌರಿಯ ಹಾಲನ್ನು ಅತ್ತೆಗೆಂದು ಕಾಯಿಸಿ, ಹಿತ್ತಾಳೆ ಲೋಟ ಪಕ್ಕದಲ್ಲಿಟ್ಟು ಮುಚ್ಚುತ್ತಿದ್ದೆ. ವಾಪಸು ಬಂದಾಗ ಚೊಂಬು ಖಾಲಿ, ಲೋಟ ತೊಳೆದು ಬೋರಲು ಹಾಕಿರುತ್ತಿತ್ತು. ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಅಂದುಕೊಂಡಿದ್ದೆ.

ಆದರೆ ಮಾವನ ಕಾಲು ಊದುತ್ತಲೇ ಹೋಯಿತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟಿ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ನನ್ನನ್ನೇ ಗುರಾಯಿಸಿದರು. "ಎಲ್ಲೋ ಕುಡೀತಿದ್ದಾರೆ ಕಣಮ್ಮ. ನೀವು ನೋಡ್ಕೋತಿಲ್ಲ." ಅದೇ ದಿನ ಅತ್ತೆಯ ಕೈ ತೋರಿಸಿದರೆ ಮೂಳೆ ಡಾಕ್ಟರೂ ಅದೇ ರಾಗ. "ಹಾಲು ಕುಡೀತಿದ್ದಾರಾ ಇಲ್ವಾ?" ಇಬ್ಬರ ಕೈಲೂ ಬೈಸಿಕೊಂಡು, ಬಸ್ಸಿನಲ್ಲಿ ಎರಡು ಸೀಟಿನ ಮಧ್ಯೆ ನಿಂತುಕೊಂಡು ಬಂದೆ. ಅಳು ಬರಲಿಲ್ಲ, ಯಾರಿಗಾದರೂ ಎರಡು ಬಾರಿಸೋಣ ಅನ್ನಿಸಿತು.

ಬಾರಿಸಿದ್ದು ಮಾತಿನಲ್ಲಿ, ಅದೂ ಪಕ್ಕದ ಮನೆ ಮುದ್ದಮ್ಮನಿಗೆ. ಮಾವ ಅವರ ಜಗಲಿಯಲ್ಲಿ ಹೋಗಿ ಕೂರುತ್ತಾರಲ್ಲ, ಅವರೇ ಮಜ್ಜಿಗೆ ಕೊಡುತ್ತಿರಬೇಕು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

"ನೀವು ಉಪಕಾರ ಮಾಡ್ತಿಲ್ಲ ಮುದ್ದಮ್ಮ, ಅವರ ಜೀವ ತೆಗೀತಿದೀರ" ಅಂದೆ.

ಆಕೆ ಕೈಲಿದ್ದ ಮೊರ ಕೆಳಗಿಟ್ಟರು. "ನಮ್ಮ ಮನೇಲಿ ಮಜ್ಜಿಗೆ ಕಡ್ದು ಯುಗಾದಿಯಿಂದೀಚೆಗೆ ಯಾರು ಕಂಡವ್ರೆ? ಇರೋ ಹಸ ಬತ್ತೋಗದೆ. ಕೇಳ್ಕೊಂಡು ಮಾತಾಡವ್ವ, ದೊಡ್ಡ ಆಫೀಸರಮ್ಮ!"

ನನ್ನ ಮುಖದ ನೀರಿಳಿಯಿತು. ಕೆಟ್ಟವಳಾಗಿದ್ದೂ ನಾನೇ, ಕಳ್ಳ ಸಿಗದೆ ಹೋದದ್ದೂ ನನಗೇ.

ಒಂದು ದಿನ ಅಂಗಡಿ ಮಾಲೀಕರ ಸಂಬಂಧಿಕರಲ್ಲಿ ಸಾವಾಗಿ ಬೇಗ ಬಾಗಿಲು ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ನಡುಮನೆಯಲ್ಲಿ ಮಾವ ಗೋಡೆಗೆ ಒರಗಿದ್ದರು. ಅತ್ತೆ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಹಿತ್ತಾಳೆ ಲೋಟ ಹಿಡಿದಿದ್ದರು.

"ಒಂದು ಗುಟುಕು ಬಾಯಿಗಾಕಳಿ. ಆಮ್ಯಾಕೆ ನಾನು ಕುಡೀತೀನಿ" ಅಂದರು.

ಒಂದು ಗುಟುಕಿಗೆ ಬಾಯಿಟ್ಟ ಮಾವ ಲೋಟ ಕೆಳಗಿಳಿಸಲೇ ಇಲ್ಲ. ಬಾಯಾರಿದ ಮನುಷ್ಯ, ತಳ ಕಾಣುವವರೆಗೂ ಕುಡಿದರು. ಅತ್ತೆ ಖಾಲಿ ಲೋಟ ತೆಗೆದುಕೊಂಡು ಎದ್ದರು, ತಾವೇ ಕುಡಿದಷ್ಟು ಸಮಾಧಾನದಿಂದ.

"ಅತ್ತೇ!" ಅಂತ ಕಿರುಚಿಬಿಟ್ಟೆ. "ಏನು ಮಾಡ್ತಿದೀರ ನೀವು?"

ಅವರು ಬೆಚ್ಚಿದರೇ ಹೊರತು ನಾಚಲಿಲ್ಲ. "ಯಾಕವ್ವ ದೀಪಾ? ಡಾಕ್ಟ್ರು ನೀರು ಬ್ಯಾಡ ಅಂದವ್ರೆ. ಹಾಲು ನೀರಾ? ಹಾಲು ಊಟ ಕಣವ್ವ."

"ಹಾಲೂ ಸೇರಿಸಿ ಅಂತ ಎಷ್ಟು ಸಲ ಬಡ್ಕೊಂಡೆ! ಅದು ನಿಮ್ಮ ಪಾಲಿಂದಲ್ವಾ? ಬೆಳಿಗ್ಗೇದೂ ಹಿಂಗೇನಾ?"

"ಯಜಮಾನ್ರು ಬಾಯಿಗಿಡದೆ ನಾನೆಂಗವ್ವ ಕುಡೀಲಿ? ಮದುವೆಯಾಗಿ ಬಂದಾಗ್ನಿಂದ ಒಂದಿನಾನೂ ಅಂಗೆ ಮಾಡಿಲ್ಲ. ಅವ್ರು ಗುಟುಕು ನೀರಿಗೆ ಬಾಯಿ ಬುಡ್ತಾ ಕೂತಿರ್ವಾಗ ನಾನು ಗಟಗಟ ಹಾಲು ಕುಡಿಯಾದಾ? ಗಂಟಲಲ್ಲಿ ಇಳೀತದಾ?"

ಅವರ ಮೂಳೆಗೆ ಹೋಗಬೇಕಾದದ್ದು ಮಾವನ ಕಾಲಿಗೆ ಹೋಗಿ ನೀರಾಗಿ ನಿಂತಿದೆ. ಒಂದೇ ಲೋಟದಿಂದ ಇಬ್ಬರ ಆರೋಗ್ಯವನ್ನೂ ಕೆಡಿಸಿ, ಅದನ್ನು ತೊಳೆದು ಬೋರಲು ಹಾಕಿ, ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದರು. ಮೋಸ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿತು. ಬ್ಯಾಗು ಮೂಲೆಗೆ ಎಸೆದು, "ಇಬ್ಬರೂ ಒಟ್ಟಿಗೆ ಹೋಗ್ಬಿಡಿ, ನಾನು ನೆಮ್ಮದಿಯಾಗಿರ್ತೀನಿ" ಅಂದುಬಿಟ್ಟೆ. ಅನ್ನಬಾರದಿತ್ತು.

ಮಾವ ಏದುಸಿರಿನಲ್ಲೇ ಕೇಳಿದರು. "ಸುವರ್ಣಿ, ಅದು ನಿನ್ನ ಪಾಲಿಂದಾ? ಪಾತ್ರೇಲಿ ನಿಂಗೆ ಬ್ಯಾರೆ ಇಟ್ಕೊಂಡಿದೀಯ ಅಂದ್ಕೊಂಡಿದ್ದೆ ಕಣೇ ನಾನು."

ಅತ್ತೆ ಸೆರಗು ಸರಿ ಮಾಡಿಕೊಂಡು ಒಲೆ ಕಡೆ ಹೋದರು.

ಮರುದಿನ ಮಾವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಇಂಜೆಕ್ಷನ್ ಕೊಟ್ಟು ನೀರು ಇಳಿಸಿದರು. ಮನೆಗೆ ಬಂದ ದಿನ ಸಂಜೆ ನಾನು ಹಾಲು ಕಾಯಿಸಿ ಲೋಟಕ್ಕೆ ಬಗ್ಗಿಸಿದೆ. ಮಾವ ಕೈ ಚಾಚಿ, "ಇತ್ತ ಕೊಡವ್ವ" ಅಂದರು. ನನಗೆ ಮತ್ತೆ ರೇಗಿತು, ಕೊಡಲಿಲ್ಲ.

"ಕೊಡವ್ವ, ಕುಡಿಯಾಕಲ್ಲ."

ಲೋಟ ಇಸಿದುಕೊಂಡರು. ಒಡೆದು ಬಿರಿದ ತುಟಿಗೆ ಅಂಚನ್ನು ಮುಟ್ಟಿಸಿದರು, ಅಷ್ಟೇ. ನಾಲಿಗೆ ಕೂಡ ಹೊರಗೆ ಬರಲಿಲ್ಲ. ಅತ್ತೆಯ ಕಡೆ ಚಾಚಿ, "ನಾನು ಬಾಯಿಗಿಟ್ಟಾಯ್ತು. ಈಗ ನನ್ನ ಮುಂದೇನೇ ಕುಡಿ" ಅಂದರು.

ಅತ್ತೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಕುಡಿದರು, ನಡುವೆ ನಿಲ್ಲಿಸಿ ಬಾಯಿ ಚಪ್ಪರಿಸಿದರು.

"ನಮ್ಮ ಗೌರಿ ಹಾಲು ಇಷ್ಟು ಸಿಹಿಯಾಗಿರ್ತದಾ?" ಅಂದರು.

ಅತ್ತೆ ಈ ಮನೆಗೆ ಬಂದಾಗಿನಿಂದ ಹೊತ್ತಿಗೆ ಸರಿಯಾಗಿ ಹಾಲು ಕರೆದ ಕೈ ಅದು. ನನಗೆ ಖುಷಿಯಾಗಬೇಕಿತ್ತೇನೋ. ಆಗಲಿಲ್ಲ. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು ಎದೆಯವರೆಗೂ ಬಂದು ನಿಂತಿತು.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಲೋಟದೊಳಗೆ ಬಗ್ಗಿ ನೋಡಿ, ಅದನ್ನು ಮೆಲ್ಲಗೆ ಮಾವನ ಕಡೆ ಸರಿಸಿದರು. "ಇನ್ನೊಂದೀಟು ಉಳ್ಕಂಡದೆ…"

ಮಾವ ಟವೆಲ್ಲು ಬಾಯಿಗೆ ಅಡ್ಡ ಹಿಡಿದು ಗೋಡೆ ಕಡೆ ಮುಖ ತಿರುಗಿಸಿಕೊಂಡರು.